ಅತ್ತೆಯ ಬಲಗೈ

ಫೋನಿನ ಪರದೆಯ ಮೇಲೆ ಕೂತದ್ದು ಜೋಳದ ಹಿಟ್ಟೋ ಅಲ್ಲಿನ ಧೂಳೋ, ಸೆರಗಿನಿಂದ ಒರೆಸಿದೆ, ಹಿಟ್ಟು ಹೋಯಿತು, ಧೂಳು ಉಳಿಯಿತು, ಅದು ಫ್ರಾನ್ಸಿನ ಧೂಳು, ಹೊಲಗಳ ನಡುವಿನ ಹಳೆಯ ಕಲ್ಲುಹಾಸಿನ ದಾರಿಯದು, ಅದರ ಮೇಲೆ ಸೈಕಲ್ಲುಗಳು ಗಡಗಡ ನಡುಗುತ್ತ ಬರುತ್ತಿವೆ, ನನ್ನ ಕೆಂಪು ಹೆಲ್ಮೆಟ್ಟಿನವನು ಎಲ್ಲಿ — ಇದ್ದಾನೆ, ಮುಂದೆ ಮೂವರು, ಹಿಂದೆ ಇವನೊಬ್ಬನೇ, ಇನ್ನು ಹನ್ನೆರಡು ಕಿಲೋಮೀಟರ್. ಮೂವತ್ತೇಳು ವರ್ಷ ಅವನಿಗೆ, ಏಪ್ರಿಲ್ಲಿನ ಈ ಒಂದು ಭಾನುವಾರಕ್ಕೆಂದು ಹದಿಮೂರು ಸಲ ಬಂದ, ಒಮ್ಮೆಯೂ ಗೆದ್ದಿಲ್ಲ, ಇದೇ ಕೊನೆ ಎಂದು ಹೇಳಿಬಿಟ್ಟಿದ್ದಾನೆ, ಗೆದ್ದವನಿಗೆ ಆ ದಾರಿಯದೇ ಒಂದು ಕಲ್ಲು ಕೊಡುತ್ತಾರೆ, ಒಂದು ಕಲ್ಲಿಗಾಗಿ ಇಷ್ಟು — ರೊಟ್ಟಿ ಸೀಯುತ್ತಿದೆ, ತಿರುವಬೇಕು, ನಮ್ಮ ಉಮರ್ಗಾದ ಮನೆಯಲ್ಲಿ ಈ ಅಡುಗೆಕೋಣೆಯ ಕಿಟಕಿಗೆ ಮಾತ್ರ ನೆಟ್‌ವರ್ಕ್, ಫೋನು ಅಲ್ಲೇ ಒರಗಿದೆ, ಎದುರಿಗೇ ಅತ್ತೆ ಶಕುಂತಲಾಬಾಯಿ ಪೂಜೆಗೆ ಕೂತಿದ್ದಾರೆ, ಎಡಗೈಯಲ್ಲಿ ಇಷ್ಟಲಿಂಗ, ಮುಗಿಯುವ ತನಕ ಮನೆಯಲ್ಲಿ ಮಾತಿಲ್ಲ, ಬಲಗೈ ಬೆರಳೇ ಮಾತು, ಒಂದೆಂದರೆ ನೀರು ತಾ, ಎರಡೆಂದರೆ ಹೂವು, ಆ ಬೆರಳು ಎದ್ದರೆ ಕೈಯಲ್ಲಿದ್ದುದನ್ನು ಬಿಟ್ಟು ಈಗಲೂ ಓಡುತ್ತೇನೆ. ಏ ಯೋಗಿತಾ, ಆ ಫೋನಿನ್ಯಾಗ ರೊಟ್ಟಿ ಬೇಯ್ತಾವೇನ, ಹೋದ ಭಾನುವಾರ ಇನ್ನೊಂದು ರೇಸಿನ ಹೊತ್ತಿಗೆ ಕೇಳಿದ್ದರು, ಇಲ್ರೀ ಅತ್ತಿ, ಸೈಕಲ್ ರೇಸ್ ಐತ್ರೀ, ಆ ಕೆಂಪು ಟೊಪ್ಪಿಗಿಯಾಂವಾ ಗೆಲ್ಲಬೇಕ್ರೀ, ಫೋನಿನತ್ತ ಒಮ್ಮೆ ಬಗ್ಗಿ ನೋಡಿ ಹೋದರು, ಬೈದಿದ್ದರೆ ನೆಮ್ಮದಿಯಿರುತ್ತಿತ್ತು.

ಎದುರುಗಾಳಿ ಎದ್ದಿದೆ ಅಲ್ಲಿ, ಮರಗಳು ಬಾಗುತ್ತಿವೆ, ನನಗೆ ಗೊತ್ತು ಆ ಗಾಳಿ, ತವರು ಯೆಣೆಗೂರಿನಿಂದ ಕಾಲೇಜಿಗೆ ಸೈಕಲ್ ತುಳಿದವಳು ನಾನು, ಕಬ್ಬಿನ ಟ್ರ್ಯಾಕ್ಟರಿನ ಬೆನ್ನಿಗೆ ಸೇರಿಕೊಂಡರೆ ಗಾಳಿಯೇ ಇಲ್ಲ, ಕಾಲು ತಾನಾಗಿ ತಿರುಗುತ್ತಿತ್ತು, ಇವರೂ ಒಬ್ಬರ ಬೆನ್ನಿಗೊಬ್ಬರು ಅದನ್ನೇ ಮಾಡುವುದು ಕಂಡ ದಿನ ಒಬ್ಬಳೇ ನಕ್ಕಿದ್ದೆ, ಇವನ ಮುಂದೆ ಮಾತ್ರ ಟ್ರ್ಯಾಕ್ಟರಿಲ್ಲ, ಬರೀ ಗಾಳಿ, ತುಳಿ ತಮ್ಮಾ, ತುಳಿ — ಜಾರಿದ! ಅಯ್ಯಯ್ಯೋ, ಅಂದೇಬಿಟ್ಟೆ, ಜೋರಾಗಿ, ಪೂಜೆಯ ನಡುವೆ, ಬಡಿಯುತ್ತಿದ್ದ ರೊಟ್ಟಿ ಹರಿಯಿತು, ಅತ್ತೆ ಕತ್ತೆತ್ತಿದರು, ಎಡಗೈ ಅಲುಗಲಿಲ್ಲ, ಬಲಗೈ ಎದ್ದಿತು, ಮುಗಿಯಿತು ನನ್ನ ಕತೆ — ಮೂರು ಬೆರಳು. ಮೂರೆಂದರೆ ಏನು, ಮೂರೆಂಬುದು ಯಾವತ್ತೂ ಇಲ್ಲ, ಹುಬ್ಬು ಮೇಲಕ್ಕೇರಿದೆ, ಕಣ್ಣು ಫೋನಿನ ಕಡೆ, ಮೂವರೇ, ಮುಂದಿನ್ನೂ ಮೂವರೇ ಎಂದು ಕೇಳುತ್ತಿದ್ದಾರೆ! ಪೂಜೆಯ ಮಣೆ ಈ ಬೇಸಿಗೆಯಲ್ಲಿ ಕಿಟಕಿಯತ್ತ ತಿರುಗಿದ್ದು ಗಾಳಿಗೆಂದುಕೊಂಡಿದ್ದೆನಲ್ಲ.

ಬಿದ್ದಿಲ್ಲ, ಸಾವರಿಸಿಕೊಂಡ, ಹೌದು ಮೂವರೇ ಎಂದು ತಲೆಯಾಡಿಸಿದೆ, ಮುಂದಿನವರಲ್ಲಿ ಒಬ್ಬನ ಗಾಲಿ ಪಂಕ್ಚರ್, ಹಿಟ್ಟಿನ ಕೈಯೆತ್ತಿ ಎರಡು ತೋರಿಸಿದೆ, ಅತ್ತೆಯದೂ ಎರಡು, ಇನ್ನೊಬ್ಬ ಸೋತು ಹಿಂದೆ ಬಿದ್ದ, ಒಂದು, ಈಗ ರೇಸು ಮುಗಿಯುವ ದುಂಡನೆಯ ಮೈದಾನ, ಕೊನೆಯ ಸುತ್ತು, ತವೆಯಲ್ಲಿ ಹೊಗೆ, ಉರಿಯಲಿ, ಕೆಂಪು ಹೆಲ್ಮೆಟ್ ಉಳಿದೊಬ್ಬನ ಬೆನ್ನಿಗೆ, ಪಕ್ಕಕ್ಕೆ, ಧೂಳಿನ ಮುಖದಲ್ಲಿ ಎರಡೇ ಕಣ್ಣು, ಗಾಲಿಗೆ ಗಾಲಿ ಸಮ, ಅತ್ತೆಯ ಒಂದು ಬೆರಳು ಗಾಳಿಯಲ್ಲಿ ನಿಂತಿದೆ, ಗೆರೆ ದಾಟಿದ, ಯಾರೂ ಇಲ್ಲ ಎಂಬುದನ್ನು ಕೈಯಲ್ಲಿ ಹೇಗೆ ಹೇಳುವುದು, ಮುಂದೆ ಯಾರೂ ಇಲ್ಲ, ಯಾರೂ ಇಲ್ಲ ಅತ್ತೀ, ಮುಷ್ಟಿ ಬಿಗಿದು ಎತ್ತಿದೆ, ಹಿಟ್ಟು ಉದುರಿತು — ಆ ಬೆರಳು, ಮೆಲ್ಲಗೆ, ಮಡಚಿಕೊಳ್ಳುತ್ತ, ಆ ಬೆರಳೂ ಮುಷ್ಟಿ