ಖಾಲಾ ಹೇಳಿದ ಹದ

ಅಜೀಜಾ ಖಾಲಾ ಟೀ ಕೊಟ್ಟರೆ ಬೇಡ ಎನ್ನುವ ಧೈರ್ಯ ಶಿಡ್ಲಘಟ್ಟದ ಆ ಗಲ್ಲಿಯಲ್ಲಿ ಯಾರಿಗೂ ಇರಲಿಲ್ಲ. ಸಾಬ್ರೀನಳಿಗಂತೂ ಇಲ್ಲವೇ ಇಲ್ಲ. ಓದಿ ಎಂಜಿನಿಯರ್ ಆದರೂ, ಪೇಪರಿನಲ್ಲಿ ಫೋಟೋ ಬಂದರೂ, ತಾಯಿಯ ಅಕ್ಕನ ಎದುರು ಅವಳಿನ್ನೂ ಮೂಗು ಸೋರುವ ಹುಡುಗಿಯೇ. ಅಂದು ಬೆಳಗ್ಗೆಯೂ ಖಾಲಾ ಕುದಿಯುವ ಟೀಯನ್ನು ಸ್ಟೀಲ್ ಲೋಟಕ್ಕೆ ಬಗ್ಗಿಸಿದರು. ಲೋಟವನ್ನು ಎರಡೂ ಅಂಗೈಗಳ ನಡುವೆ ಹಿಡಿದುಕೊಂಡೇ ಪಕ್ಕದ ಮನೆಯ ಮದುವೆಯ ಸುದ್ದಿಯನ್ನೆಲ್ಲ ಹೇಳಿ ಮುಗಿಸಿದರು. ಆಮೇಲೆ ಅವಳ ಕೈಗಿಟ್ಟರು.

ಬೆರಳು ಚುರ್ ಎಂದಿತು. ಲೋಟ ಜಾರಿ ನೆಲಕ್ಕೆ ಬಿತ್ತು.

“ಅರೆ, ಏನಾಯ್ತು ಬೇಟಾ?”

“ಸುಡ್ತಿದೆ ಖಾಲಾ! ನೀವು ಅಷ್ಟು ಹೊತ್ತು ಹೆಂಗೆ ಹಿಡ್ಕೊಂಡಿದ್ರಿ?”

ಖಾಲಾ ನಕ್ಕರು. “ನಂಗೆಲ್ಲಿ ಗೊತ್ತಾಗುತ್ತೆ? ಮೂವತ್ತು ವರ್ಷ ಬಿಸಿನೀರಲ್ಲಿ ಗೂಡು ಬಿಚ್ಚಿದ ಬೆರಳಿದು. ಕೆಲ್ಸಕ್ಕೆ ಸೇರಿದ ಎರಡು ತಿಂಗ್ಳಿಗೇ ಸತ್ತೋಯ್ತು. ಮೊದಮೊದ್ಲು ಉರೀತಿತ್ತು, ಆಮೇಲೆ ಅಭ್ಯಾಸ ಆಯ್ತು. ನಿಮ್ಮಮ್ಮಂಗೂ ಹಂಗೇ ಇತ್ತಲ್ಲ.”

“ಯಾಕೆ ಹೇಳ್ಲಿಲ್ಲ ನೀವು?”

“ಹೇಳೋದೇನಿದೆ ಅದ್ರಲ್ಲಿ? ನೀನು ಕೇಳಿದ್ಯಾ?”

ಸಾಬ್ರೀನ್ ಬಿದ್ದ ಲೋಟವನ್ನು ಎತ್ತಿಟ್ಟಳು. ಕೇಳಿರಲಿಲ್ಲ. ಉಳಿದದ್ದನ್ನೆಲ್ಲ ಕೇಳಿದ್ದಳು, ಇದೊಂದನ್ನು ಕೇಳಿರಲಿಲ್ಲ.

ಅವಳು ರೇಷ್ಮೆಗೂಡಿನಿಂದ ನೂಲು ತೆಗೆಯುವ ಹೊಸ ಮಷೀನು ಮಾಡಿದ್ದಳು. ಸೌದೆ ಬೇಡ, ಹೊಗೆ ಇಲ್ಲ. ಮಾಳಿಗೆಯ ಮೇಲೆ ಬಿಸಿಲಿಗೆ ಕಾದ ನೀರು ಕೊಳವೆಯಲ್ಲಿ ಗೂಡುಗಳ ತೊಟ್ಟಿಗೆ ಇಳಿಯುತ್ತದೆ. ಎಳೆ ಕಡಿದರೆ ಮಷೀನು ಸದ್ದು ಮಾಡಿ ಹೇಳುತ್ತದೆ, ನೀರಿನಲ್ಲಿ ಬೆರಳಾಡಿಸಿ ತುದಿ ಹುಡುಕಿ ಸೇರಿಸಿದರಾಯಿತು, ಕಣ್ಣು ಕಾಣದವರೂ ಕೂತು ಕೆಲಸ ಮಾಡಬಹುದು. ತೊಟ್ಟಿಯ ನೀರು ಎಷ್ಟು ಬಿಸಿಯಿರಬೇಕು ಎಂಬ ಪ್ರಶ್ನೆ ಬಂದಾಗ ಪುಸ್ತಕ ನಲವತ್ತು ಡಿಗ್ರಿ ಎಂದಿತ್ತು. ಖಾಲಾ ಕೈ ಅದ್ದಿ, “ಇದೇನು ನೀರಾ, ಐಸಾ? ಎಳೆ ಬರಲ್ಲ ಇದ್ರಲ್ಲಿ” ಎಂದು ಮೂಗು ಮುರಿದಿದ್ದರು. ಸಾಬ್ರೀನ್ ಏರಿಸುತ್ತ ಹೋದಳು. ಐವತ್ತೆಂಟಕ್ಕೆ ಬಂದಾಗ ಖಾಲಾ ತೊಟ್ಟಿಯಲ್ಲಿ ಬೆರಳಾಡಿಸಿ, “ಹಾ, ಇದು ಹದ” ಎಂದರು. ಸಾಬ್ರೀನ್ ತಾನೂ ಕೈ ಅದ್ದಿದ್ದಳು. ಉರಿ ತಾಳಲಾರದೆ ಥಟ್ಟನೆ ಎಳೆದುಕೊಂಡಿದ್ದಳು. “ಪೆನ್ ಹಿಡಿಯೋ ಕೈಗೆ ಏನು ತಿಳೀತದೆ” ಎಂದು ಖಾಲಾ ರೇಗಿಸಿದಾಗ, ಹೌದಲ್ಲ, ಕೆಲಸ ಮಾಡುವವರ ಕೈಗಿಂತ ನನ್ನ ಕೈಗೆ ಹೆಚ್ಚು ತಿಳಿದೀತೇ ಎಂದುಕೊಂಡಳು. ಕಾಣದವರು ತಪ್ಪಿ ತಿರುಗಿಸಬಾರದೆಂದು ಬಿಸಿಯ ತಿರುಗಣೆಯನ್ನು ಐವತ್ತೆಂಟಕ್ಕೇ ಸ್ಕ್ರೂ ಹಾಕಿ ಬಿಗಿದಳು.

ಚಿಕ್ಕಬಳ್ಳಾಪುರದ ಸಮಾರಂಭದಲ್ಲಿ ಮೈಕ್ ಹಿಡಿದು, “ನಾನು ಪುಸ್ತಕವನ್ನು ಕೇಳಲಿಲ್ಲ, ದುಡಿಯುವ ಕೈಯನ್ನು ಕೇಳಿದೆ” ಎಂದಾಗ ಸಭೆಯೆಲ್ಲ ಚಪ್ಪಾಳೆ ತಟ್ಟಿತ್ತು. ತಟ್ಟಿದವರಲ್ಲಿ ಒಬ್ಬರಾದರೂ ಆ ಕೈಯನ್ನು ಮುಟ್ಟಿ ನೋಡಿದ್ದರೆ! ಅವರನ್ನು ದೂರಿ ಏನು ಫಲ, ಅವಳೇ ಮುಟ್ಟಿ ನೋಡಿರಲಿಲ್ಲ. ಬರುವ ತಿಂಗಳು ಚಿಂತಾಮಣಿ, ಗೌರಿಬಿದನೂರಿಗೆ ಹತ್ತು ಮಷೀನು ಹೋಗುವುದಿತ್ತು. ಮೊಟ್ಟಮೊದಲನೆಯದು ಆಗಲೇ ಮಂಡಿಕಲ್ ಹತ್ತಿರದ ಹಳ್ಳಿಯೊಂದರಲ್ಲಿ ತನುಜಳ ಮನೆಯಲ್ಲಿತ್ತು.

ತನುಜಳಿಗೆ ಇಪ್ಪತ್ತಮೂರು. ಹುಟ್ಟಿನಿಂದಲೇ ಕಣ್ಣಿಲ್ಲ. ಓದುವುದು ಬೆರಳಿನಿಂದ, ಸೊಪ್ಪು ಸೋಸುವುದು ಬೆರಳಿನಿಂದ, ಅಮ್ಮ ಅತ್ತಿದ್ದಾಳೋ ಇಲ್ಲವೋ ಎಂದು ಕೆನ್ನೆ ಸವರಿ ತಿಳಿಯುವುದೂ ಬೆರಳಿನಿಂದಲೇ. ಅಂಥವಳ ಎರಡೂ ಕೈಯನ್ನು ಸಾಬ್ರೀನ್ ತಾನೇ ಹಿಡಿದು, ಒಂದೂವರೆ ತಿಂಗಳ ಹಿಂದೆ, ಆ ತೊಟ್ಟಿಯ ಮುಂದೆ ಕೂರಿಸಿ ಬಂದಿದ್ದಳು.

ಕಳೆದ ವಾರ ತನುಜ ಫೋನಿನಲ್ಲಿ ಹೇಳಿದ್ದು ಈಗ ನೆನಪಾಯಿತು. “ಮೊದ್ಲು ಒಂಚೂರು ಉರೀತಿತ್ತಕ್ಕ. ಈಗ ಏನೂ ಇಲ್ಲ, ಅಭ್ಯಾಸ ಆಗೋಯ್ತು.” ಸಾಬ್ರೀನ್ ಅದನ್ನು ಖುಷಿಯಿಂದ ವರದಿಯಲ್ಲಿ ಬರೆದುಕೊಂಡಿದ್ದಳು.

ಅವಳು ಚಪ್ಪಲಿ ಮೆಟ್ಟುವಾಗಲೇ ಫೋನ್ ಮಾಡಿದಳು. ರಿಂಗಾಯಿತು, ಎತ್ತಲಿಲ್ಲ. ಎರಡೂ ಕೈ ನೀರಿನಲ್ಲಿದ್ದವಳು ಹೇಗೆ ಎತ್ತಿಯಾಳು? ಚಿಕ್ಕಬಳ್ಳಾಪುರದ ಸಿಗ್ನಲ್ಲಿನಲ್ಲಿ ಸ್ಕೂಟರ್ ನಿಲ್ಲಿಸಿ ಮತ್ತೆ ಮಾಡಿದಳು, ಎತ್ತಲಿಲ್ಲ. ಪೆರೇಸಂದ್ರದಲ್ಲಿ ಮತ್ತೊಮ್ಮೆ. ದಾರಿಯುದ್ದಕ್ಕೂ ತಲೆ ಲೆಕ್ಕ ಹಾಕುತ್ತಲೇ ಇತ್ತು: ದಿನಕ್ಕೆ ಆರು ಗಂಟೆ, ಗಂಟೆಗೆ ಎಷ್ಟು ಸಲ ಎಳೆ ಕಡಿಯುತ್ತದೆ, ಎಷ್ಟು ಸಲ ಬೆರಳು ನೀರಿಗಿಳಿಯುತ್ತದೆ. ಲೆಕ್ಕ ಮುಗಿಯುವ ಮೊದಲೇ ಭಯಪಟ್ಟು ಬಿಟ್ಟುಬಿಡುತ್ತಿದ್ದಳು, ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದಳು. ಯಾ ಅಲ್ಲಾ, ಇನ್ನೂ ಏನೂ ಆಗಿರದಿರಲಿ. ಖಾಲಾಗೆ ಎರಡು ತಿಂಗಳು ಹಿಡಿಯಿತಂತೆ, ಇವಳಿಗೆ ಇನ್ನೂ ಹದಿನೈದು ದಿನ ಇದೆಯಲ್ಲ. ಹಾಗೆ ದಿನ ಎಣಿಸಿ ಸಮಾಧಾನ ಮಾಡಿಕೊಳ್ಳುವ ತನ್ನ ಬುದ್ಧಿಗೆ ತಾನೇ ಅಸಹ್ಯಪಟ್ಟಳು.

ತನುಜಳ ತಾಯಿ ಆಂಜಿನಮ್ಮ ಅಂಗಳದಲ್ಲಿ ಹುಣಸೆಹಣ್ಣು ಬಿಡಿಸುತ್ತ ಕೂತಿದ್ದಳು. “ರಾಮ್ಮಾ, ರಾ!” ಎಂದು ತೆಲುಗಿನಲ್ಲೇ ಕರೆದಳು. “ಹೇಳ್ದೆ ಕೇಳ್ದೆ ಬಂದ್ಬಿಟ್ಟಲ್ಲ. ಒಳಗೆ ನೋಡ್ಹೋಗು, ನನ್ ಮಗ್ಳು ಎಷ್ಟು ನೂಲು ತೆಗ್ದವ್ಳೆ ಅಂತ.”

ಒಳಗೆ ಮಷೀನು ಗುಂಯ್ ಎನ್ನುತ್ತಿತ್ತು. ಹೆಜ್ಜೆಯ ಸದ್ದಿಗೇ ತನುಜಳ ಮುಖ ಅರಳಿತು. “ಸಾಬ್ರೀನಕ್ಕಾ?”

“ಕೈ ಆಚೆ ತೆಗಿ ತನುಜ.”

“ಒಂದ್ನಿಮಿಷ ಅಕ್ಕ, ಈ ಎಳೆ—”

“ತೆಗಿಯಮ್ಮ ಅಂದ್ನಲ್ಲ!”

ಆ ದನಿಗೆ ತನುಜ ಬೆಚ್ಚಿ ಕೈ ತೆಗೆದಳು. ಸಾಬ್ರೀನ್ ಅವಳನ್ನು ಕಿಟಕಿಯ ಹತ್ತಿರ ಕರೆತಂದು ಕೈ ಒರೆಸಿ ನೋಡಿದಳು. ಬೆರಳ ತುದಿಗಳು ಬಿಳಿಚಿಕೊಂಡಿದ್ದವು. ಸಿಪ್ಪೆ ಸುಲಿದು, ಅಲ್ಲಿ ಹೊಸ ಚರ್ಮ ಬಂದು, ಅದೂ ಗಡುಸಾಗಿತ್ತು.

“ನೋವಿದೆಯಾ?”

“ಒಂಚೂರೂ ಇಲ್ಲ.”

ಇದೆ ಎಂದಿದ್ದರೆ ಎಷ್ಟು ಚೆನ್ನಾಗಿತ್ತು ಎನ್ನಿಸಿತು ಸಾಬ್ರೀನಳಿಗೆ. “ಏನಾದ್ರೂ ಓದು ನೋಡಣ, ನನ್ನೆದುರಿಗೆ” ಎಂದಳು.

ತನುಜ ಬೆರಳುಗಳನ್ನು ಮಡಚಿ ಬಿಡಿಸಿದಳು. ಆಮೇಲೆ ನಗುತ್ತ, “ಗೂಡಲ್ಲಿ ಶಿರೀಷಾ ಕಾಗ್ದ ಐತೆ, ಕೊಡಿ” ಎಂದಳು. ಶಿರೀಷಾ ಅವಳ ಅಂಧರ ಶಾಲೆಯ ಗೆಳತಿ. ಗೋಡೆಯ ಗೂಡಿನಲ್ಲಿ ದಪ್ಪ ಹಾಳೆಗಳ ಕಟ್ಟಿತ್ತು. ಮೇಲಿನದರಲ್ಲಿ ಬ್ರೈಲ್ ಚುಕ್ಕಿಗಳು ಸಾಲಾಗಿ ಎದ್ದಿದ್ದವು. ಸಾಬ್ರೀನ್ ಅದನ್ನು ಅವಳ ಮಡಿಲಿಗಿಟ್ಟಳು.

ತನುಜಳ ತೋರುಬೆರಳು ಹಾಳೆಯ ಮೇಲೆ ಹರಿಯಿತು. “ಪ್ರೀತಿಯ ತನು, ನಿನ್ನ ಕಾಗದ ತಲುಪಿತು. ನಮ್ಮ ಹಾಸ್ಟೆಲ್ಲಿನ ಬೆಕ್ಕು ನಾಲ್ಕು ಮರಿ ಹಾಕಿದೆ...” ಎಲ್ಲೂ ತಡೆಯಲಿಲ್ಲ, ಎಲ್ಲೂ ತೊದಲಲಿಲ್ಲ. ಸಾಬ್ರೀನಳಿಗೆ ಹೋದ ಜೀವ ಬಂದಂತಾಯಿತು. ಕಣ್ಣಲ್ಲಿ ನೀರೇ ಬಂತು. ತಡವಾಗಿಲ್ಲ. ಇವತ್ತೇ ಸ್ಕ್ರೂ ಬಿಚ್ಚಿ ಬಿಸಿ ಇಳಿಸಿದರಾಯಿತು, ಬೆರಳು ಉಳಿಯಿತು.

“ಮುಂದಿನ ಹಾಳೆ ಕೊಡಿ ಅಕ್ಕ.”

ಕಟ್ಟಿನಿಂದ ಎರಡನೆಯದನ್ನು ಎಳೆದು ಕೊಟ್ಟಳು. ತನುಜ ಓದುತ್ತ ಹೋದಳು. “ಒಂದು ಮರಿಗೆ ನಿನ್ನ ಹೆಸರೇ ಇಟ್ಟಿದ್ದೇವೆ. ಅದೂ ನಿನ್ನ ಹಾಗೆ ಎಲ್ಲದಕ್ಕೂ ಮೂಗು ತೂರಿಸುತ್ತದೆ...” ಸಾಬ್ರೀನ್ ನಗುತ್ತ ಹಾಳೆಯ ಕಡೆ ನೋಡಿದಳು. ಕಿಟಕಿಯ ಬೆಳಕು ಅದರ ಮೇಲೆ ಅಡ್ಡವಾಗಿ ಬಿದ್ದಿತ್ತು. ಹಾಳೆ ನುಣ್ಣಗಿತ್ತು. ಒಂದೇ ಒಂದು ಚುಕ್ಕಿ ಇರಲಿಲ್ಲ. ಅದು ಉತ್ತರ ಬರೆಯಲು ತನುಜ ತೆಗೆದಿಟ್ಟಿದ್ದ ಖಾಲಿ ಹಾಳೆ.

ಬೆರಳು ಸಾಲಿನ ಕೊನೆ ಮುಟ್ಟಿ, ಮುಂದಿನ ಸಾಲಿಗಿಳಿದು, ಮತ್ತೆ ಎಡದಿಂದ ಬಲಕ್ಕೆ ಸಾಗುತ್ತಿತ್ತು.

ಸಾಬ್ರೀನ್ ಆ ಕೈಯನ್ನು ಹಿಡಿದು ನಿಲ್ಲಿಸಿದಳು. “ಈ ಹಾಳೇಲಿ ಏನೂ ಇಲ್ಲ ತನುಜ.”

ತನುಜಳ ಮುಖದ ಮೇಲಿನ ನಗು ತುಸು ಹೊತ್ತು ಹಾಗೆಯೇ ಇತ್ತು. ಅಂಗಳದ ಕಡೆ ಕಿವಿಗೊಟ್ಟು, ಅಮ್ಮ ಹತ್ತಿರದಲ್ಲಿಲ್ಲ ಎಂದು ಖಚಿತಮಾಡಿಕೊಂಡಳು.

“ಹತ್ತು ದಿನ ಆಯ್ತಕ್ಕ, ಚುಕ್ಕಿ ಕೈಗೆ ತಿಳೀತಿಲ್ಲ,” ಎಂದು ಪಿಸುಗುಟ್ಟಿದಳು. “ಕಾಗ್ದ ಬಾಯಿಪಾಠ ಇತ್ತು. ಅಮ್ಮಂಗೆ ಹೇಳ್ಬೇಡಿ. ಎಡಗೈ ಕಿರುಬೆರಳು ಇನ್ನೂ ಚೆನ್ನಾಗೈತೆ, ಅದನ್ನ ನೀರಿಗೆ ಹಾಕಲ್ಲ ನಾನು, ಮೇಲೇ ಎತ್ತಿಟ್ಕೋತೀನಿ. ಅದ್ರಲ್ಲೇ ನಿಧಾನಕ್ಕೆ ಓದೋದು ಕಲೀತೀನಿ.”

“ಮೊದ್ಲೇ ಯಾಕಮ್ಮ ಹೇಳ್ಲಿಲ್ಲ ನಂಗೆ?”

“ಹೇಳಿದ್ರೆ ನೀವು ಮಷೀನ್ ತಗೊಂಡೋಗ್ತಿದ್ರಿ. ಇಷ್ಟು ದಿನ ಊರಲ್ಲಿ ನಂಗೆ ಹೆಸ್ರಿರ್ಲಿಲ್ಲಕ್ಕ, ‘ಆ ಕುರುಡಿ’ ಅಂತಿದ್ರು. ಈಗ ತನುಜ ಅಂತ ಕರೀತಾರೆ.”

ಸಾಬ್ರೀನ್ ಆ ಕಿರುಬೆರಳನ್ನು ಹಿಡಿದು ನೋಡಿದಳು. ನಾಳೆಯೇ ಡಾಕ್ಟರ ಹತ್ತಿರ ಕರೆದೊಯ್ಯಬೇಕು. ಬೆರಳಿಗೆ ಸ್ಪರ್ಶ ಮರಳಬಹುದು, ಮರಳದೆಯೂ ಇರಬಹುದು. ಅವಳು ಎದ್ದು ಹೋಗಿ ಮಷೀನಿನ ಸ್ವಿಚ್ ಆರಿಸಿದಳು.

ಸದ್ದು ನಿಂತಿತು. ಬೆರಳಿನ ಸ್ಪರ್ಶ ಹೋಗಿ ಹತ್ತು ದಿನವಾದರೂ ಒಂದು ಹನಿ ಕಣ್ಣೀರು ಹಾಕದಿದ್ದ ತನುಜ, ಆಗ ಬಿಕ್ಕಿ ಬಿಕ್ಕಿ ಅಳತೊಡಗಿದಳು.