ಗೇಣುದ್ದದ ಕೊಳವೆ

ನಾನು ಒಂದು ಕಾರು. ದೂರದ ಕಾರ್ಖಾನೆಯೊಂದರಲ್ಲಿ, ಕಿವಿಗಡಚಿಕ್ಕುವ ಸದ್ದಿನ ನಡುವೆ ಹತ್ತಾರು ಕೈಗಳು ಸೇರಿ ನನ್ನನ್ನು ಮಾಡಿದವು. ಒಬ್ಬ ಬಾಗಿಲು ಜೋಡಿಸಿದ, ಒಬ್ಬ ಗಾಜು ಕೂರಿಸಿದ, ಇನ್ನೊಬ್ಬ ನನ್ನ ಹೊಟ್ಟೆಯೊಳಗೆ ಕೈ ಹಾಕಿ ತಿರುಪುಗಳನ್ನು ಬಿಗಿದ. ಕೊನೆಗೆ ಒಬ್ಬ ಹೆಣ್ಣುಮಗಳು ಒದ್ದೆ ಬಟ್ಟೆಯಿಂದ ಮೈ ಒರೆಸಿ, ನನ್ನ ಬಾನೆಟ್ಟಿನಲ್ಲಿ ತನ್ನ ಮುಖ ನೋಡಿಕೊಂಡು ಹಣೆಯ ಬೊಟ್ಟು ಸರಿಪಡಿಸಿಕೊಂಡಳು. ನನ್ನ ಬೆಳ್ಳಿ ಬಣ್ಣ ಆಗ ಅಷ್ಟು ಹೊಳೆಯುತ್ತಿತ್ತು.

ಮೊದಲ ಹನ್ನೊಂದು ವರ್ಷ ಹುಬ್ಬಳ್ಳಿಯ ಕಣ್ಣಿನ ಡಾಕ್ಟರೊಬ್ಬರ ಮನೆಯಲ್ಲಿದ್ದೆ. ಮನೆಯಿಂದ ದವಾಖಾನೆಗೆ, ದವಾಖಾನೆಯಿಂದ ಮನೆಗೆ. ಓಡಿದ್ದಕ್ಕಿಂತ ನಿಂತದ್ದೇ ಹೆಚ್ಚು. ನಿಂತಲ್ಲೇ ನನ್ನ ರಬ್ಬರುಗಳಿಗೆ ವಯಸ್ಸಾಯಿತು. ಹೊರಗಿನಿಂದ ಅದು ಯಾರಿಗೂ ಕಾಣಿಸುವಂಥದ್ದಲ್ಲ.

ಆಮೇಲೆ ಗದಗಿಗೆ ಬಂದೆ. ಬೆಟಗೇರಿಯಲ್ಲಿ ಪ್ರಿಂಟಿಂಗ್ ಪ್ರೆಸ್ ಇಟ್ಟಿದ್ದ ಚೆನ್ನವೀರಪ್ಪ ಅಕ್ಕಿಯವರು ನನ್ನನ್ನು ಕೊಂಡರು. ಲಗ್ನಪತ್ರಿಕೆ ಮುದ್ರಿಸುವ ಕೈ. ಸ್ಟೀರಿಂಗಿಗೆ ಯಾವಾಗಲೂ ಶಾಯಿಯ ವಾಸನೆ ಹತ್ತುತ್ತಿತ್ತು. ಆದರೆ ಅವರಿಗೆ ಗಾಡಿ ಹೊಡೆಯುವುದೆಂದರೆ ಬೇಸರ. ಹೊಡೆಯುವ ಆಸೆಯಿದ್ದದ್ದು ಅವರ ಹೆಂಡತಿ ಸುಮಂಗಲಾ ಅವರಿಗೆ. ಹದಿನಾಲ್ಕು ಕಿಲೋಮೀಟರ್ ದೂರದ ಹಳ್ಳದಕೊಪ್ಪದ ಶಾಲೆಯಲ್ಲಿ ಆಕೆ ಅಕ್ಕೋರು. ನಮ್ಮ ಕಡೆ ಟೀಚರಮ್ಮನನ್ನು ಹಾಗೇ ಕರೆಯುವುದು. ಆ ಊರಿಗೆ ಇದ್ದದ್ದು ಒಂದೇ ಬಸ್ಸು. ನಲವತ್ತೇಳನೆಯ ವಯಸ್ಸಿನಲ್ಲಿ, ನೋಡಿದವರು ನಕ್ಕರೂ ಲೆಕ್ಕಿಸದೆ, ಆಕೆ ಡ್ರೈವಿಂಗ್ ಕಲಿತರು.

ಅಕ್ಕೋರ ಕೈ ಬಹಳ ಮೆದು. ಗುಂಡಿ ಬಂದರೆ ನನಗಿಂತ ಮೊದಲು ಆಕೆಯೇ "ಹಾ" ಅನ್ನುತ್ತಿದ್ದರು. ಏರಿನಲ್ಲಿ ನಾನು ಏದುಸಿರು ಬಿಟ್ಟರೆ, "ನಡಿ ನಮ್ಮವ್ವ, ಇನ್ನೊಂದೀಟ" ಎಂದು ಹುರಿದುಂಬಿಸುತ್ತಿದ್ದರು. ಹಿಂದಿನ ಸೀಟಿನಲ್ಲಿ ಒಮ್ಮೆ ಪಠ್ಯಪುಸ್ತಕಗಳ ಕಟ್ಟು, ಒಮ್ಮೆ ಜ್ವರ ಬಂದ ಮಗು, ಒಮ್ಮೆ ಯಾರದೋ ಮನೆಯ ಕುಂಬಳಕಾಯಿ. ನನ್ನ ಬಾಳಿನಲ್ಲಿ ಅದೇ ಒಳ್ಳೆಯ ಕಾಲ.

ಅದು ಎರಡು ವರ್ಷ ನಡೆಯಿತು. ಮೂರನೆಯ ವರ್ಷ ನಾನು ನರಳಲು ಶುರುಮಾಡಿದೆ.

ಸ್ಟೀರಿಂಗ್ ಹಗುರವಾಗಿ ತಿರುಗಲಿ ಎಂದು ನನ್ನೊಳಗೆ ಒಂದು ಪಂಪು ಇದೆ. ಅದರ ಮೇಲುಗಡೆ ಎಣ್ಣೆಯ ಸಣ್ಣ ಡಬ್ಬಿ. ಡಬ್ಬಿಯಿಂದ ಪಂಪಿಗೆ ಗೇಣುದ್ದದ ಕಪ್ಪು ರಬ್ಬರ್ ಕೊಳವೆ. ಪಂಪು ಎಣ್ಣೆ ಹೀರಿ ಮುಂದಕ್ಕೆ ನೂಕಿದರೆ, ಆ ಒತ್ತಡವೇ ಚಕ್ರಗಳನ್ನು ತಿರುಗಿಸಲು ನೆರವಾಗುತ್ತದೆ. ಒಂದು ಸಂಜೆ ಶಾಲೆಯ ಅಂಗಳದಲ್ಲಿ ಅಕ್ಕೋರು ನನ್ನನ್ನು ತಿರುಗಿಸುವಾಗ ಪಂಪು ಗುಂಯ್ ಎಂದು ಕೂಗಿತು. ವಾರದೊಳಗೆ ಸ್ಟೀರಿಂಗ್ ಬಂಡೆಗಲ್ಲಿನಷ್ಟು ಬಿಗಿಯಾಯಿತು.

ನನ್ನನ್ನು ಹಜರೇಸಾಬ ನದಾಫನ ಗ್ಯಾರೇಜಿಗೆ ಒಯ್ದರು. ಸ್ಕ್ರೂಡ್ರೈವರಿನ ಹಿಡಿಕೆಯನ್ನು ಕಿವಿಗೆ ಆನಿಸಿ ಇಂಜಿನ್ನಿನ ರೋಗ ಹೇಳುವವನೆಂದು ಗದಗಿನಲ್ಲಿ ಅವನ ಹೆಸರು ದೊಡ್ಡದು. ಪಂಪು ಹೋಗಿದೆ ಎಂದ, ಹೊಸದು ಹಾಕಿದ. ನಾಲ್ಕು ತಿಂಗಳಿಗೆ ಅದೂ ಕೂಗಿತು. ಬೆಲ್ಟು ಬದಲಿಸಿದ, ಎಣ್ಣೆ ಬದಲಿಸಿದ, ಎರಡನೆಯ ಪಂಪು ಹಾಕಿದ. ಐದು ತಿಂಗಳಿಗೆ ಅದೂ ಹೋಯಿತು. ಈ ಸಲ ಚೆನ್ನವೀರಪ್ಪನವರೇ ಮುಂದೆ ಬಂದು ನಿಂತರು.

"ಎಣ್ಣಿ ಎಲ್ಲೂ ಸೋರಿಲ್ರಿ. ಬೆಲ್ಟ್ ಬರೋಬರಿ ಐತಿ. ಪಂಪ್ ಯಾಕ ಹೋಗತೈತಿ ಅನ್ನೂದು ನನಗೂ ತಿಳಿವಲ್ತು, ಸಾವ್ಕಾರ್ರ" ಎಂದ ಹಜರೇಸಾಬ.

"ಹಿಂಗಂದ್ರ ಹೆಂಗಪಾ? ಗದಗಿನ್ಯಾಗ ನಿನಗ ತಿಳೀಲಾರದ್ದು ಇನ್ನ್ಯಾರಿಗೆ ತಿಳೀತೈತಿ?"

ಆ ಹೊಗಳಿಕೆ ಅವನನ್ನು ಕಟ್ಟಿಹಾಕಿತು. ತಿಳಿಯದು ಎಂಬ ಮಾತನ್ನು ಎರಡನೆಯ ಸಲ ಹೇಳಲು ಅವನಿಗೆ ಬಾಯಿ ಬರಲಿಲ್ಲ. ಬಾನೆಟ್ಟಿನೊಳಗೆ ಬಗ್ಗಿ ನೋಡಿದ. ಆ ಗೇಣುದ್ದದ ಕೊಳವೆಯ ಮೇಲೆ ಅವನ ಬೆರಳು ಹರಿದಾಡಿತು. ಮೇಲೆ ಬಿರುಕಿಲ್ಲ, ತೇವವಿಲ್ಲ, ಒತ್ತಿದರೆ ಮೆತ್ತಗೆ ಪುಟಿಯುತ್ತದೆ. ಅದನ್ನು ಬಿಚ್ಚಬೇಕಾದರೆ ಬ್ಯಾಟರಿ ತೆಗೆಯಬೇಕು, ಅದರ ಕೆಳಗಿನ ತಟ್ಟೆ ತೆಗೆಯಬೇಕು. ಹೊರಗೆ ಇನ್ನೂ ನಾಲ್ಕು ಗಾಡಿ ಕಾಯುತ್ತಿದ್ದವು. ಬೆರಳು ಮುಂದಕ್ಕೆ ಹೋಯಿತು. ಅಲ್ಲೇ, ಅಲ್ಲೇ ಎಂದು ನಾನು ಕೂಗಬೇಕಾಗಿತ್ತು.

"ಗಾಡಿ ಯಾರ್ ಹೊಡೀತಾರ್ರಿ?" ಎಂದು ಕೇಳಿದ.

"ನಮ್ಮ ಮನ್ಯಾಕಿ."

"ಹಂಗಾರ ಅದ ನೋಡ್ರಿ. ಸ್ಟೀರಿಂಗ್ ಕಡೀತನಕಾ ತಿರಿವಿ ಹಂಗ ಹಿಡಕೊಂಡ ನಿಂತ್ರ ಪಂಪಿನ ಮ್ಯಾಲ ಜೋರ್ ಬೀಳ್ತೈತಿ. ಹೊಸದಾಗಿ ಕಲ್ತವ್ರು ಹಂಗ ಮಾಡ್ತಾರ."

ಮಾತು ಸುಳ್ಳಲ್ಲ, ಹಾಗೆ ಹಿಡಿದರೆ ಪಂಪಿಗೆ ಕೇಡೇ. ಆದರೆ ಅಕ್ಕೋರು ಹಾಗೆ ಹಿಡಿದಿದ್ದರೇ ಎಂದು ಅವನು ನೋಡಿರಲಿಲ್ಲ, ಕೇಳಿರಲೂ ಇಲ್ಲ. ಮೂರನೆಯ ಪಂಪು ಹಾಕಿ ಕಳಿಸಿದ.

ಅಂದಿನಿಂದ ಮನೆಯಲ್ಲಿ ಅದೇ ಮಾತು. ಬಂದ ಬೀಗರೆದುರು ಚೆನ್ನವೀರಪ್ಪನವರು, "ನಮ್ಮ ಮನಿಯಾಗ ಪಂಪ್ ತಿನ್ನೋರು ಒಬ್ರು ಅದಾರ" ಎಂದು ನಗಿಸುತ್ತಿದ್ದರು. ಚಹಾ ತಂದ ಅಕ್ಕೋರು ತಟ್ಟೆ ಇಟ್ಟು ಒಳಗೆ ಹೋಗುತ್ತಿದ್ದರು. ಆಕೆಯ ಕೈಗೆ ಹೆದರಿಕೆ ಹೊಕ್ಕಿತು. ಸ್ಟೀರಿಂಗ್ ಕೊನೆ ಮುಟ್ಟುವ ಮೊದಲೇ ನಿಲ್ಲಿಸುವುದು, ಹಿಂದಕ್ಕೆ ತೆಗೆಯುವುದು, ಮತ್ತೆ ತಿರುಗಿಸುವುದು. ಒಂದೇ ಸಲ ತಿರುಗಬಹುದಾದ ಅಂಗಳದಲ್ಲಿ ಮೂರು ಸಲ ಹಿಂದೆ ಮುಂದೆ ಮಾಡುತ್ತಿದ್ದರು. ಆದರೂ ಆ ಪಂಪೂ ಹೋಯಿತು.

"ನಾ ಕಡೀತನಕಾ ಒಮ್ಮೆನೂ ತಿರಿವಿಲ್ರಿ" ಎಂದು ಅಕ್ಕೋರು ಗಂಡನಿಗೆ ಹೇಳಿದರು. "ಎಣ್ಣಿನ ಬರವಲ್ದೇನೋ ನೋಡ್ರಿ. ತಿರಿವಿದಾಗ ಅಷ್ಟ ಅಲ್ಲ, ಮುಂಜಾನೆ ಚಾಲೂ ಮಾಡಿದ ಕೂಡ್ಲೇನೂ ಒದರತೈತಿ."

"ಅಷ್ಟ ವರ್ಷದ ಮಿಸ್ತ್ರಿಗಿಂತ ನೀ ಶಾಣ್ಯಾಕಿ ಆದಿ ಹಂಗಾರ?"

ಮತ್ತೊಂದು ಪಂಪು ಬಂತು. ಆದರೆ ಕೀಲಿಕೈ ಚೆನ್ನವೀರಪ್ಪನವರ ಅಂಗಿಯ ಕಿಸೆ ಸೇರಿತು. ಅಕ್ಕೋರು ಬಸ್ಸಿಗೆ ಹೋಗತೊಡಗಿದರು.

ಹಳ್ಳದಕೊಪ್ಪದಲ್ಲಿ ಹುಲಿಗೆವ್ವ ಎಂಬ ಹುಡುಗಿಯಿದ್ದಳು, ಐದನೆಯ ತರಗತಿ. ಲೆಕ್ಕದಲ್ಲಿ ಅಂಥ ಚುರುಕನ್ನು ಅಕ್ಕೋರು ಇಪ್ಪತ್ತು ವರ್ಷದಲ್ಲಿ ಕಂಡಿರಲಿಲ್ಲವಂತೆ. ಅವಳನ್ನು ವಸತಿ ಶಾಲೆಗೆ ಸೇರಿಸಬೇಕೆಂದು ಅರ್ಜಿ ತುಂಬಿಸಿದ್ದರು. ಫೋಟೋ ತೆಗೆಸಲು ನನ್ನ ಮುಂದಿನ ಸೀಟಿನಲ್ಲೇ ಕೂರಿಸಿಕೊಂಡು ಬಂದಿದ್ದರು. ಪ್ರವೇಶ ಪರೀಕ್ಷೆ ಗದಗಿನಲ್ಲಿ, ಒಂದು ಭಾನುವಾರ ಮುಂಜಾನೆ. ಅಂದು ಹಳ್ಳಿಯ ಬಸ್ಸು ಬರಲಿಲ್ಲ. ಸುದ್ದಿ ಫೋನಿನಲ್ಲಿ ಬಂದಾಗ ಅಕ್ಕೋರು ಓಡಿ ನನ್ನ ಹತ್ತಿರ ಬಂದರು. ಕೀಲಿ ಇರಲಿಲ್ಲ. ಚೆನ್ನವೀರಪ್ಪನವರು ಕಾಗದ ತರಲು ರೈಲಿನಲ್ಲಿ ಹುಬ್ಬಳ್ಳಿಗೆ ಹೋಗಿದ್ದರು, ಕೀಲಿಯೂ ಅವರ ಕಿಸೆಯಲ್ಲೇ ಹೋಗಿತ್ತು. ಅಕ್ಕೋರು ನನ್ನ ಬಾಗಿಲಿನ ಹಿಡಿಕೆಯನ್ನು ಎರಡು ಸಲ ಜಗ್ಗಿದರು. ಪಂಪು ಆಗ ಹೊಸದು. ಹದಿನಾಲ್ಕು ಕಿಲೋಮೀಟರ್ ನನಗೆ ಯಾವ ಲೆಕ್ಕ? ನಾನು ನಿಂತೇ ಇದ್ದೆ.

ಆಕೆ ಆಟೋ ಹುಡುಕುತ್ತ ರಸ್ತೆಗೆ ಓಡಿದರು. ಹುಲಿಗೆವ್ವ ಅಷ್ಟರಲ್ಲಿ ಯಾರದೋ ಟ್ರ್ಯಾಕ್ಟರ್ ಹತ್ತಿ ಹೊರಟಿದ್ದಳು. ಪರೀಕ್ಷೆಯ ಗೇಟು ಮುಟ್ಟಿದಾಗ ಮುಕ್ಕಾಲು ತಾಸು ತಡವಾಗಿತ್ತು. ಒಳಗೆ ಬಿಡಲಿಲ್ಲ. ಮಧ್ಯಾಹ್ನ ಮನೆಗೆ ಬಂದ ಅಕ್ಕೋರು ಆ ಹುಡುಗಿಯ ಪ್ರವೇಶಪತ್ರವನ್ನು ಇನ್ನೂ ಕೈಯಲ್ಲೇ ಹಿಡಿದಿದ್ದರು. ನನ್ನ ಕಡೆ ನೋಡಲಿಲ್ಲ. ಆಮೇಲೆ ಕೀಲಿಯನ್ನು ಎಂದೂ ಕೇಳಲಿಲ್ಲ.

ಎರಡು ವರ್ಷ ಚೆನ್ನವೀರಪ್ಪನವರೇ ನನ್ನನ್ನು ಹೊಡೆದರು, ಅದೂ ಅಪರೂಪಕ್ಕೆ, ಪ್ರೆಸ್ಸಿನ ತನಕ. ಹಾಗಾಗಿ ಆ ಪಂಪು ಅಷ್ಟು ದಿನ ಬಾಳಿತು. ಆಮೇಲೆ ಅದೂ ಗುಂಯ್ ಎಂದಿತು. ಅವರು ಮನೆಯಲ್ಲಿ ಬಾಯಿಬಿಡದೆ ನನ್ನನ್ನು ಗ್ಯಾರೇಜಿಗೆ ತಂದರು.

"ಇನ್ನಾ ಅಕ್ಕೋರ ಹೊಡೀತಾರೇನ್ರಿ?" ಎಂದ ಹಜರೇಸಾಬ, ಕೈ ಒರೆಸಿಕೊಳ್ಳುತ್ತ.

"ಇಲ್ಲ. ನಾನ. ಎರಡು ವರ್ಷ ಆತು."

ಹಜರೇಸಾಬ ಒರೆಸುವುದನ್ನು ನಿಲ್ಲಿಸಿದ. ಅವರು ಹೋದಮೇಲೆ ನನ್ನ ಬಾನೆಟ್ಟು ಎತ್ತಿ ಪಂಪು ತೆಗೆದ. ಆಮೇಲೆ, ಮೊದಲ ಬಾರಿಗೆ, ಕೆಟ್ಟ ಪಂಪನ್ನು ಎಸೆಯದೆ ಬಿಚ್ಚಿ ನೋಡಿದ. ಒಳಗೆಲ್ಲ ಒಣ ಗೀರು. ಜೋರು ಬಿದ್ದು ಮುರಿದದ್ದಲ್ಲ, ಎಣ್ಣೆಯಿಲ್ಲದೆ ಉಜ್ಜಿ ಉಜ್ಜಿ ಸತ್ತದ್ದು. ಆದರೆ ಡಬ್ಬಿಯ ತುಂಬ ಎಣ್ಣೆಯಿದೆ. ಹಾಗಾದರೆ ನಡುವೆ ಎಲ್ಲೋ ತಡೆ.

ಬ್ಯಾಟರಿ ತೆಗೆದ, ತಟ್ಟೆ ತೆಗೆದ, ಕೊಳವೆ ಬಿಚ್ಚಿದ. ಒರೆಸಿ ಬಾಯಿಗಿಟ್ಟು ಊದಿದ. ಗಾಳಿ ಸಲೀಸಾಗಿ ಹೋಯಿತು. ಕೆಳಗಿಡಲು ಹೋದವನು ಏನೋ ನೆನೆದು, ಈ ಸಲ ಪಂಪಿನ ಕಡೆಯ ತುದಿಗೆ ಬಾಯಿಟ್ಟು ಹೀರಿದ. ಕೊಳವೆ ಥಟ್ಟನೆ ಕಟ್ಟಿಕೊಂಡಿತು. ಮತ್ತೆ ಹೀರಿದ, ಮತ್ತೆ ಕಟ್ಟಿಕೊಂಡಿತು. ಬ್ಲೇಡಿನಿಂದ ಉದ್ದಕ್ಕೆ ಸೀಳಿದಾಗ ಒಳಗಿನ ಪದರ ಸುಲಿದ ತೊಗಲಿನಂತೆ ಜೋತುಬಿದ್ದಿತ್ತು. ಪಂಪು ಎಣ್ಣೆ ಹೀರಿದಾಗಲೆಲ್ಲ ಅದು ಬಾಗಿಲಿನಂತೆ ಮುಚ್ಚಿಕೊಳ್ಳುತ್ತಿತ್ತು. ಸೀಳಿದ ಕೊಳವೆಯನ್ನು ಕೈಯಲ್ಲಿ ಹಿಡಿದು ಹಜರೇಸಾಬ ನೆಲದ ಮೇಲೆ ಕುಳಿತ.

"ಯಾ ಅಲ್ಲಾ" ಎಂದ.

ಹೊಸ ಕೊಳವೆ, ಹೊಸ ಪಂಪು ಹಾಕಿ, ಮರುದಿನ ಸಂಜೆ ಅವನೇ ನನ್ನನ್ನು ಮನೆಗೆ ಹೊಡೆದುಕೊಂಡು ಬಂದ. ಗಂಡ ಹೆಂಡತಿ ಇಬ್ಬರೂ ಮುಂಬಾಗಿಲ ಕಟ್ಟೆಯ ಮೇಲೆ ಕೂತಿದ್ದರು. ಅವನು ಕೊಳವೆಯನ್ನು ಅಕ್ಕೋರ ಮುಂದೆ ಹಿಡಿದ.

"ಅಕ್ಕೋರ, ತಪ್ಪು ನಿಮ್ದಲ್ರಿ. ಮೊದಲಿಂದನೂ ಇದರದ. ನಾ ಬಿಚ್ಚಿ ನೋಡ್ಲಿಲ್ಲ. ನೋಡದ ನಿಮ್ಮ ಮ್ಯಾಲ ಹಾಕಿದೆ."

ಅಕ್ಕೋರು ಅದನ್ನು ತೆಗೆದುಕೊಂಡು, ಜೋತುಬಿದ್ದ ಪದರವನ್ನು ಬೆರಳಿನಿಂದ ಎತ್ತಿ, ಬಿಟ್ಟು, ಮತ್ತೆ ಎತ್ತಿದರು.

"ಇದನ್ನ ಬಿಚ್ಚಾಕ ಎಷ್ಟೊತ್ತು ಹಿಡೀತು, ಹಜರೇಸಾಬಣ್ಣ?"

"ಅರ್ಧಾ ತಾಸ್ರಿ."

"ಅರ್ಧಾ ತಾಸು" ಎಂದರು ಅಕ್ಕೋರು.

ಚೆನ್ನವೀರಪ್ಪನವರು ಹಜರೇಸಾಬನ ಕೈಯಿಂದ ಕೀಲಿ ಇಸಿದುಕೊಂಡು ಹೆಂಡತಿಯ ಪಕ್ಕದಲ್ಲಿ ಇಟ್ಟರು. ಆಮೇಲೆ ಎದ್ದು ಒಳಗೆ ಹೋದರು.

ಬಂದ ಭಾನುವಾರ ಹಜರೇಸಾಬನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಕ್ಕೋರು ನನ್ನನ್ನು ಹಳ್ಳದಕೊಪ್ಪಕ್ಕೆ ಹೊಡೆದರು. ಆ ಹುಡುಗಿಯ ಮನೆಯವರಿಗೆ ತಪ್ಪೊಪ್ಪಿಕೊಳ್ಳಬೇಕೆಂದು ಅವನೇ ಹಟಹಿಡಿದಿದ್ದ. ಏಳನೆಯ ತರಗತಿ ಮುಗಿಸಿ ಹುಲಿಗೆವ್ವ ಶಾಲೆ ಬಿಟ್ಟಿದ್ದಳು. ಹೈಸ್ಕೂಲು ಇರುವ ಊರು ದೂರ. ತಮ್ಮನನ್ನು ಕಂಕುಳಲ್ಲಿ ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಹಜರೇಸಾಬ ಅವಳ ತಾಯಿ ದುರಗವ್ವನಿಗೆ ಕೊಳವೆಯ ಕತೆ ಹೇಳಿದ, ಪಂಪಿನ ಕತೆ ಹೇಳಿದ, ಕೀಲಿಯ ಕತೆ ಹೇಳಿದ. ಆಕೆ ಎಲ್ಲ ಕೇಳಿಸಿಕೊಂಡಳು.

"ನಿಮ್ಮ ಗಾಡಿ ಪೈಪ್ ಕೆಟ್ರ ನಮ್ಮ ಹುಡಿಗಿ ಪರೀಕ್ಷಾ ಯಾಕ ತಪ್ಪೀತ್ರಿ? ಅವತ್ತ ಬಸ್ ಬರ್ಲಿಲ್ಲ, ಅಷ್ಟ. ನೀವ್ಯಾಕ ಅಳ್ತೀರಿ? ಚಹಾ ಕುಡೀರಿ" ಎಂದಳು.

ಹುಲಿಗೆವ್ವ ನನ್ನ ಹತ್ತಿರ ಬಂದು ಬಾನೆಟ್ಟಿನ ಮೇಲೆ ಅಂಗೈ ಇಟ್ಟಳು. "ಅಕ್ಕೋರ, ಗಾಡಿ ಛಲೋ ಆತಲ್ರಿ?" ಎಂದು ನಕ್ಕಳು.

ಆ ಜೂನಿನಲ್ಲಿ ಅಕ್ಕೋರು ಅವಳನ್ನು ಹೈಸ್ಕೂಲಿಗೆ ಸೇರಿಸಿದರು. ಮೂರು ವರ್ಷವೂ ಅವಳನ್ನು ಅಲ್ಲಿಗೆ ಬಿಟ್ಟೇ ತಮ್ಮ ಶಾಲೆಗೆ ಹೋಗುತ್ತಿದ್ದರು. ಹುಡುಗಿ ಹತ್ತನೆಯ ತರಗತಿ ಪಾಸಾದಳು. ಲೆಕ್ಕದಲ್ಲಿ ಮೊದಲಿನ ಚುರುಕು ಮರಳಲಿಲ್ಲವಂತೆ. ಅಲ್ಲಿಗೇ ನಿಲ್ಲಿಸಿ ಮದುವೆ ಮಾಡಿದರು. ಅಷ್ಟೂ ದಿನ ಅಕ್ಕೋರ ಕೈ ಸ್ಟೀರಿಂಗಿನ ಕೊನೆಯನ್ನು ಮುಟ್ಟಲೇ ಇಲ್ಲ. ನಾನು ಹಗುರವಾಗಿ ತಿರುಗುತ್ತಿದ್ದೆ. ಆಕೆ ಹೆದರಿ ಅರ್ಧಕ್ಕೇ ನಿಲ್ಲಿಸುತ್ತಿದ್ದರು.

ಈಗ ನಾನು ಹಜರೇಸಾಬನ ಗ್ಯಾರೇಜಿನ ಹಿಂದೆ, ಬೇವಿನ ಗಿಡದ ಕೆಳಗೆ ನಿಂತಿದ್ದೇನೆ. ಟೈರುಗಳಲ್ಲಿ ಗಾಳಿಯಿಲ್ಲ. ನನ್ನ ಬಿಡಿಭಾಗಗಳು ಒಂದೊಂದಾಗಿ ಬೇರೆ ಗಾಡಿಗಳಿಗೆ ಹೋಗಿವೆ, ಅದಕ್ಕೆ ದುಃಖವಿಲ್ಲ. ನನಗೆ ಬಾಯಿ ಇದ್ದಿದ್ದರೆ ಎಂದು ಬಹಳ ದಿನ ಕೊರಗಿದೆ. ಈಗ ಕೊರಗುವುದು ಬೇರೆಯದಕ್ಕೆ. ಬಾಯಿಲ್ಲದ ನಾನು ನರಳಿದಾಗಲೆಲ್ಲ ನಾಲ್ಕು ಜನ ಓಡಿಬಂದು ಬಾನೆಟ್ಟು ಎತ್ತಿದರು. ಎಣ್ಣೆ ಬರುತ್ತಿಲ್ಲವೇನೋ ನೋಡಿರೆಂದು ಬಾಯಿಬಿಟ್ಟು ಹೇಳಿದವರು ಅಕ್ಕೋರು. ಅದನ್ನು ಮಾತ್ರ ಯಾರೂ ಕೇಳಿಸಿಕೊಳ್ಳಲಿಲ್ಲ.