ಗುಂಡಿ ಒತ್ತುವ ಮೊದಲು

ಪುತ್ತೂರಿನ ಸಭೆಗೆ ಹೊರಡುವಾಗಲೇ ತೀರ್ಥರಾಮರು ಮಗಳಿಗೆ ಹೇಳಿದ್ದರು, "ನೀನು ಸುಮ್ಮನೆ ಕೂತಿರು, ಮಾತಾಡುದು ನಾನು." ಮೋಕ್ಷಿತಾ ಹೂಂ ಅಂದಿದ್ದಳು. ಅವಳ ಹೂಂ ನಂಬುವಂಥದ್ದಲ್ಲ ಅಂತ ಇಷ್ಟು ವರ್ಷದಲ್ಲಿ ಅವರಿಗೆ ಗೊತ್ತಾಗಬೇಕಿತ್ತು.

ತೀರ್ಥರಾಮರು ಸುಳ್ಯದಲ್ಲಿ ಪತ್ರ ಬರಹಗಾರರು. ಜಾಗದ ಕ್ರಯಪತ್ರ, ದಾನಪತ್ರ, ಪಾಲುಪಟ್ಟಿ ಬರೆದೇ ಸಂಸಾರ ದಡ ಮುಟ್ಟಿಸಿದವರು. ಕಳೆದ ವರ್ಷ ಮಗಳೂ ಲೈಸೆನ್ಸ್ ಮಾಡಿಸಿಕೊಂಡು ಅಪ್ಪನ ಮಗ್ಗುಲಲ್ಲಿ ಮೇಜು ಹಾಕಿದಳು. ಅಷ್ಟರಲ್ಲಿ ಬಂತು ಸುದ್ದಿ. ಇನ್ನು ದೇಶಕ್ಕೆಲ್ಲ ಒಂದೇ ಕಂಪ್ಯೂಟರ್ ವ್ಯವಸ್ಥೆಯಂತೆ, ಮಾರುವವರೂ ಕೊಳ್ಳುವವರೂ ಮೊಬೈಲಿನಲ್ಲಿ ಒಪ್ಪಿಗೆ ಒತ್ತಿದರೆ ನೋಂದಣಿ ಮುಗಿಯಿತಂತೆ. ಹೊಸ ಕಾನೂನಿನ ಕರಡಿನಲ್ಲಿ ಪತ್ರ ಬರಹಗಾರನ ಸುದ್ದಿಯೇ ಇಲ್ಲ. ಊರವರ ಅಭಿಪ್ರಾಯ ಕೇಳಲು ಬೆಂಗಳೂರಿನಿಂದ ಅಧಿಕಾರಿ ಮೇಡಂ ಬಂದಿದ್ದರು. ಪುತ್ತೂರು, ಸುಳ್ಯ, ಕಡಬದ ಬರಹಗಾರರೆಲ್ಲ ಸೇರಿ ತೀರ್ಥರಾಮರನ್ನು ಮುಂದೆ ಮಾಡಿದ್ದರು. ಹೇಳಬೇಕಾದ್ದು ಒಂದೇ ಮಾತು: ನಮಗೆ ಇದು ಬೇಡ. ತನ್ನದೇನು, ಮುಗಿಯುತ್ತ ಬಂತು. ಮಗಳ ಬೋರ್ಡಿನ ಬಣ್ಣವೇ ಇನ್ನೂ ಒಣಗಿಲ್ಲ.

ಮೇಡಂ ಮೊದಲು ಮಾಡಿ ತೋರಿಸುತ್ತೇನೆ ಎಂದರು. ಸುಮ್ಮನೆ ಆಟಕ್ಕೆ ಒಂದು ಎಕ್ರೆ ಜಾಗದ ಮಾರಾಟ. ಮಾರುವವರಾಗಿ ಪಂಜದ ರಬ್ಬರ್ ಕೃಷಿಕ ಸಂಕಪ್ಪ ಎದ್ದು ಬಂದರು. ಕೊಳ್ಳುವವರಾಗಿ ಬರಹಗಾರರ ಸಂಘದ ಅಧ್ಯಕ್ಷ, ಕಡಬದ ಅಚ್ಚುತ.

"ಜಾಗ ತೆಕ್ಕೊಳ್ಳುವ ಯೋಗ ಈಗ ಬಂತು ನೋಡಿ," ಎಂದು ಅಚ್ಚುತ ಕುರ್ಚಿ ಎಳೆದು ಕೂತರು.

ಸಂಕಪ್ಪನವರ ಮೊಬೈಲು ಟಿಂಗ್ ಅಂದಿತು. ಅವರು ಅದನ್ನು ಕೈಯಳತೆ ದೂರ ಹಿಡಿದು ನೋಡಿದರು, ಹತ್ತಿರ ತಂದು ನೋಡಿದರು. ಆಮೇಲೆ ಪಕ್ಕದ ಅಚ್ಚುತರಿಗೇ ಕೊಟ್ಟರು. "ಕನ್ನಡಕ ಮನೆಯಲ್ಲಿ ಉಂಟು ಮಾರಾಯ್ರೆ. ಎಂತ ಬಂದಿದೆ ನೋಡಿ ನೀವೇ ಒತ್ತಿಬಿಡಿ."

ಅಚ್ಚುತ ಯೋಚಿಸಲೂ ಇಲ್ಲ. ತನ್ನದರಲ್ಲಿ ಒಮ್ಮೆ ಒತ್ತಿದರು, ಸಂಕಪ್ಪನವರದ್ದರಲ್ಲಿ ಒಮ್ಮೆ ಒತ್ತಿದರು. ಗೋಡೆಯ ಪರದೆಯ ಮೇಲೆ, ಪತ್ರದ ಕೆಳಗೆ, 'ನೋಂದಣಿ ಪೂರ್ಣಗೊಂಡಿದೆ' ಎಂದು ಬಂತು. ಜನ ಚಪ್ಪಾಳೆ ತಟ್ಟಿದರು.

ಚಪ್ಪಾಳೆ ನಿಲ್ಲುವ ಮೊದಲೇ ಮೋಕ್ಷಿತಾ ಎದ್ದು ನಿಂತಿದ್ದಳು. ತೀರ್ಥರಾಮರು ಅವಳ ಸೆರಗಿಗೆ ಕೈ ಹಾಕಿದರು. ಸಿಗಲಿಲ್ಲ.

"ಸಂಕಪ್ಪ ಮಾವ, ನೀವು ಎಂತ ಮಾರಿದ್ದು?"

"ಒಂದು ಎಕ್ರೆ, ಮತ್ತೆಂತ?"

ಅವಳು ಪರದೆಯ ಮೇಲಿದ್ದ ಪತ್ರವನ್ನು ಸಂಕಪ್ಪನವರ ಮನೆಮಾತಾದ ಅರೆಭಾಷೆಯಲ್ಲಿ, ಜಗಲಿಯಲ್ಲಿ ಕೂತು ಹೇಳಿದ ಹಾಗೆ, ಸಾಲು ಸಾಲಾಗಿ ಹೇಳುತ್ತ ಹೋದಳು. ಬಾವಿ, ದಾರಿ, ತೋಡಿನ ನೀರಿನ ಹಕ್ಕು ಸಹಿತ ಎಂಬಲ್ಲಿಗೆ ಬಂದಾಗ ಸಂಕಪ್ಪನವರ ಮುಖದ ನಗು ನಿಂತಿತು.

"ಬಾವಿ? ಬಾವಿ ಕೊಡ್ತೇನೆ ಅಂತ ಯಾರು ಹೇಳಿದ್ದು? ಉಳಿದ ತೋಟಕ್ಕೆ ನೀರೆಲ್ಲಿಂದ?"

"ಕೊಟ್ಟಾಯ್ತಲ್ಲ ಮಾವ. ಅಚ್ಚುತಣ್ಣ ಸಂಜೆಗೇ ಪಂಪು ಇಡ್ತಾರಂತೆ."

ಇಡೀ ಸಭೆ ನಕ್ಕಿತು. ಮೇಡಂ ಕೂಡ ನಕ್ಕು, ಪೆನ್ನು ಕೈಗೆ ತೆಗೆದುಕೊಂಡರು. "ಮುಂದೆ ಹೇಳಿ."

"ಇಲ್ಲಿಯವರು ಹೀಗೇ ಮೇಡಂ. ಮೊಬೈಲು ಹತ್ತಿರ ಇದ್ದವರ ಕೈಗೆ ಕೊಡುದು. ಹತ್ತಿರ ಇರುದು ಯಾವಾಗಲೂ ಜಾಗ ತೆಕ್ಕೊಳ್ಳುವವರೇ. ನಮ್ಮಪ್ಪ ಪತ್ರ ತಯಾರಾದ ಮೇಲೆ ಅವರನ್ನು ಚಾ ಕುಡಿದು ಬನ್ನಿ ಅಂತ ಹೊರಗೆ ಕಳಿಸುದು. ಮತ್ತೆ ಮಾರುವವರನ್ನು ಒಬ್ಬರನ್ನೇ ಕೂರಿಸಿ, ಅವರ ಮನೆಭಾಷೆಯಲ್ಲಿ ಓದಿ ಹೇಳುದು. ತುಳುವೋ ಬ್ಯಾರಿಯೋ, ಯಾವುದಾದರೂ ಸರಿ. ಬೇಡ ಅನ್ನಲಿಕ್ಕೆ ಅದೊಂದೇ ಹೊತ್ತು ಅವರಿಗೆ ಸಿಗುದು. ನಿಮ್ಮ ಕರಡಿನಲ್ಲಿ ಆ ಹೊತ್ತು ಇಲ್ಲ."

"ಕೇಳಿದಿರಲ್ಲ ಮೇಡಂ? ನಮಗೆ ಇದು ಬೇಡ," ಎಂದರು ಅಚ್ಚುತ, ಗೆದ್ದವರ ಹಾಗೆ.

"ಬೇಕು," ಎಂದಳು ಮೋಕ್ಷಿತಾ. "ಗಲ್ಫಿನಲ್ಲಿರುವವರು ಒಂದು ಸಹಿಗೋಸ್ಕರ ರಜೆ ಬೇಡಿಕೊಂಡು ಬರುದು ತಪ್ಪುತ್ತದೆ. ತನ್ನಿ. ಆದರೆ ಓದಿ ಹೇಳದೆ ಒತ್ತಲಿಕ್ಕೆ ಆಗದ ಹಾಗೆ ಮಾಡಿ."

ಮೇಡಂ ಅವಳನ್ನೇ ನೋಡಿದರು. "ಯಾರು ಓದಬೇಕು? ಪತ್ರ ಬರಹಗಾರರೇ ಆಗಬೇಕು ಅಂತೀರಾ?"

ಹೌದು ಅನ್ನು ಮಗಾ ಎಂದು ತೀರ್ಥರಾಮರು ಒಳಗೊಳಗೇ ಬೇಡಿಕೊಂಡರು. ಒಂದು ಹೌದಿನಲ್ಲಿ ಅವಳ ಮೇಜು ಉಳಿಯುತ್ತಿತ್ತು, ಮೂರು ತಾಲೂಕಿನ ಮೇಜುಗಳೂ ಉಳಿಯುತ್ತಿದ್ದವು. ಅವಳು ಒಮ್ಮೆ ಅಪ್ಪನ ಕಡೆ ತಿರುಗಿದಳು.

"ನಾವೇ ಆಗಬೇಕಂತ ಇಲ್ಲ. ಮಾರುವವರು ಯಾರನ್ನು ನಂಬ್ತಾರೋ ಅವರು. ಕೊಳ್ಳುವವರ ಕಡೆಯವರು ಆಗಬಾರದು, ಅಷ್ಟೆ."

ಅಚ್ಚುತ ಬಂದು ತೀರ್ಥರಾಮರ ಕಿವಿಯ ಹತ್ತಿರ ಬಗ್ಗಿದರು. "ಎಂತ ತೀರ್ಥರಾಮಣ್ಣ, ಮಗಳು ನಮ್ಮ ಅನ್ನಕ್ಕೇ ಮಣ್ಣು ಹಾಕಿದಳಲ್ಲ. ನೀವು ಹೇಳಿಕೊಟ್ಟದ್ದಾ?"

ಮಗಳ ಮೇಜು ಕೈಬಿಟ್ಟು ಹೋದದ್ದು ನಿಜ. ಆದರೆ ಅದರ ಹಿಂದೆಯೇ ಹೆಮ್ಮೆಯೂ ಏರಿ ಬರುತ್ತಿತ್ತು, ತಡೆಯಲಾಗದಷ್ಟು. ತಾನು ಅಭ್ಯಾಸಬಲದಿಂದ ಮಾಡುತ್ತ ಬಂದ ಕೆಲಸ ಏನೆಂದು ಯಾರಾದರೂ ಕೇಳಿದ್ದರೆ ಅವರು ಹೊಟ್ಟೆಪಾಡು ಎನ್ನುತ್ತಿದ್ದರು. ಅದಕ್ಕೆ ಇಷ್ಟು ಅರ್ಥ ಉಂಟೆಂದು ತನ್ನ ಮಗಳ ಬಾಯಿಂದ ಕೇಳಬೇಕಾಯಿತು.

"ನಾನು ಎಂತದೂ ಹೇಳಿಕೊಟ್ಟದ್ದಲ್ಲ ಅಚ್ಚುತ," ಎಂದರು. "ಹೇಳಿಕೊಟ್ಟಿದ್ದರೆ ಇಷ್ಟು ಚಂದ ಬರ್ತಿರಲಿಲ್ಲ."

ಸಭೆ ಮುಗಿಯುವ ಹೊತ್ತಿಗೆ ಮೇಡಂ, ಕರಡು ತಿದ್ದಲು ಬೆಂಗಳೂರಿನಲ್ಲಿ ಮತ್ತೊಂದು ಬೈಠಕ್ ಉಂಟು, ಇಲ್ಲಿಂದ ಒಬ್ಬರ ಹೆಸರು ಕೊಡಿ ಎಂದರು. ಓದಿ ಹೇಳುವ ಮಾತು ಅಲ್ಲಿ ಉಳಿಯುತ್ತದೋ ಇಲ್ಲವೋ ತಾನು ಹೇಳಲಾರೆ ಎಂದೂ ಸೇರಿಸಿದರು. ಎಲ್ಲರೂ ತೀರ್ಥರಾಮರನ್ನು ನೋಡಿದರು. ಅವರು ಎದ್ದು, ಪಂಚೆ ಸರಿಮಾಡಿಕೊಂಡು, ಇಡೀ ಸಭೆಯ ಮುಂದೆ ತಮ್ಮ ಪಾಲಿಗೆ ಬಂದ ಒಂದೇ ಮಾತನ್ನು ಆಡಿದರು.

"ಮೋಕ್ಷಿತಾ ಅಂತ ಬರ್ಕೊಳ್ಳಿ. ಸುಳ್ಯದವಳು. ನನ್ನ ಮಗಳು."